ಹಳೇ ಅಮೆರಿಕನ್ ಕಾರುಗಳ ಹಿಂಬದಿಗೆ ರೆಕ್ಕೆ ಯಾಕಿತ್ತು?

ಅದು ವಿಮಾನದಿಂದ ಬಂದ ಶೋಕಿ. ಎರಡನೇ ಮಹಾಯುದ್ಧದ ಪಿ-38 ಯುದ್ಧವಿಮಾನಕ್ಕೆ ಜೋಡಿ ಬಾಲವಿತ್ತು. ಜನರಲ್ ಮೋಟಾರ್ಸ್ ಕಾರು ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲೆ ಅರ್ಲ್ ಅದಕ್ಕೆ ಮರುಳಾದರು. ಅದೇ ಕಂಪನಿಯ ದುಬಾರಿ ಕಾರು ಕ್ಯಾಡಿಲಾಕ್‌ನ 1948ರ ಮಾದರಿಯ ಹಿಂದೆ ಅದು ಪುಟ್ಟ ಉಬ್ಬಾಗಿ ಬಂತು. ಓಟಕ್ಕೆ ಹೇಳಿಕೊಳ್ಳುವಂಥ ಉಪಯೋಗವೇನಿಲ್ಲ, ಸುಮ್ನೆ ಅಂದಕ್ಕೆ. ಆಮೇಲೆ ಕಂಪನಿಗಳು ಪೈಪೋಟಿಗೆ ಬಿದ್ದವು, ರೆಕ್ಕೆ ಬೆಳೆಯುತ್ತಾ ಹೋಯಿತು.

1959ರ ಕ್ಯಾಡಿಲಾಕ್‌ನಲ್ಲಿ ಅದು ತುತ್ತತುದಿ ಮುಟ್ಟಿತು. ಕಾರಿನ ಉದ್ದ ಸುಮಾರು 19 ಅಡಿ! ಒಂದೊಂದು ಚೂಪು ರೆಕ್ಕೆಯಲ್ಲೂ ಬುಲೆಟ್ಟಿನಂಥ ಎರಡು ಕೆಂಪು ದೀಪ, ರಾಕೆಟ್ಟಿನ ಬೆಂಕಿಯ ಹಾಗೆ. ಸ್ವಲ್ಪ ಜಾಸ್ತಿಯೇ ಆಯಿತು ಅನ್ನಿಸುತ್ತದೆ. ಆದರೂ ಕಣ್ಣು ಕೀಳಲು ಆಗುವುದಿಲ್ಲ, ಅಲ್ವಾ?

ಅರವತ್ತರ ದಶಕದಲ್ಲಿ ರೆಕ್ಕೆ ಕುಗ್ಗಿತು, ಮೋಹ ಕುಗ್ಗಲಿಲ್ಲ. ಗಾಯಕ ಎಲ್ವಿಸ್ ಪ್ರೀಸ್ಲಿಯ 1955ರ ಗುಲಾಬಿ ಕ್ಯಾಡಿಲಾಕ್ ನೋಡಲು ಜನ ಈಗಲೂ ಮೆಂಫಿಸ್‌ನಲ್ಲಿರುವ ಅವರ ಮನೆ ಗ್ರೇಸ್‌ಲ್ಯಾಂಡ್‌ಗೆ ಹೋಗುತ್ತಾರೆ. ಟೆಕ್ಸಾಸ್‌ನ ಅಮರಿಲ್ಲೊ ಬಳಿ 1974ರಲ್ಲಿ ಕಲಾವಿದರ ತಂಡವೊಂದು ಹತ್ತು ಕ್ಯಾಡಿಲಾಕ್‌ಗಳನ್ನು ಮೂತಿ ಕೆಳಗೆ ಮಾಡಿ ಮಣ್ಣಿಗೆ ನೆಟ್ಟಿತು. ಬಾಲವೆಲ್ಲ ಆಕಾಶಕ್ಕೆ! ಹೋದವರೆಲ್ಲ ಅದಕ್ಕೆ ಸ್ಪ್ರೇ ಪೇಂಟ್ ಹೊಡೆದೇ ಬರುತ್ತಾರೆ. ಬಣ್ಣದ ಪದರ ಎಷ್ಟು ದಪ್ಪ ಎಂದರೆ, ಮೂಲ ತಗಡು ಎಲ್ಲಿದೆಯೋ ಹುಡುಕಬೇಕು.