ಪ್ರತಿಕ್ರಿಯೆ: ಸಣ್ಣ ಕೈಗೆ ಖಾಕಿ ಫೀಲ್ಡ್ ಆಗುತ್ತಾ?

ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್ ವಾಚ್ ಸಣ್ಣ ಕೈಗೆ ದೊಡ್ಡದಾಗುತ್ತಾ, ದಿನಾ ಕೀ ಕೊಡ್ಬೇಕಾ ಅಂತ ಕೇಳಿದ್ರಲ್ಲ, ನಂದೂ ಆರೂಕಾಲು ಇಂಚಿನ ಕೈ ಸಾರ್, ಧೈರ್ಯವಾಗಿ ತಗೊಳ್ಳಿ. ವಾಚ್ ಅಗಲ ಇರೋದು 38 ಎಂಎಂ ಅಷ್ಟೇ, ಆದ್ರೆ ಡಯಲ್ ಸುತ್ತಲಿನ ರಿಂಗು, ಅಂದ್ರೆ ಬೆಜೆಲ್, ತೆಳು ಇರೋದ್ರಿಂದ ಡಯಲ್ ಅಗಲ ಕಾಣುತ್ತೆ, ಮೊದಲ ದಿನ ನಂಗೂ ದೊಡ್ಡದು ಅನ್ನಿಸ್ತು, ಮೂರನೇ ದಿನಕ್ಕೆ ಕಣ್ಣು ಒಗ್ಗಿಹೋಯ್ತು. ನ್ಯಾಟೋ ಸ್ಟ್ರ್ಯಾಪ್ (ಉದ್ದನೆಯ ಬಟ್ಟೆ ಪಟ್ಟಿ) ವಾಚ್ ಅಡಿಯಲ್ಲೂ ಹಾದುಹೋಗುತ್ತಲ್ಲ, ಅದಕ್ಕೇ ಎತ್ತರ ಜಾಸ್ತಿಯಾಗಿ ಶರ್ಟ್ ತೋಳಿಗೆ ಸಿಕ್ಕಾಕೊಳ್ತಿತ್ತು, ಮಾಮೂಲಿ ಲೆದರ್ ಸ್ಟ್ರ್ಯಾಪ್ ಹಾಕಿದ್ಮೇಲೆ ಸರಿಹೋಯ್ತು. ಒಳಗಿನ ಎಚ್-50 ಮೆಷಿನ್ ಒಂದ್ಸಲ ಪೂರ್ತಿ ಕೀ ಕೊಟ್ರೆ 80 ಗಂಟೆ ಓಡುತ್ತೆ. ಆದ್ರೂ ನಾನು ದಿನಾ ಬೆಳಿಗ್ಗೆ ಕಾಫಿ ಇಳಿಯೋ ಹೊತ್ತಿಗೆ ಕೀ ಕೊಡ್ತೀನಿ, ಅಪ್ಪ ತಮ್ಮ ಎಚ್‌ಎಂಟಿಗೆ ಕೊಡ್ತಿದ್ದ ಹಾಗೇ, ಬೆರಳಿಗೆ ಆ ಕರಕರ ಸಿಕ್ಕಿದ್ರೆ ಏನೋ ಖುಷಿ. ಬಿಗಿ ಆದ ತಕ್ಷಣ ನಿಲ್ಲಿಸಿಬಿಡಿ, ಬಲ ಹಾಕ್ಬೇಡಿ.