ಏಜ್ಡ್ ಕೇರ್ (ವಯಸ್ಸಾದೋರನ್ನ ನೋಡ್ಕೊಳ್ಳೋ) ಕೆಲ್ಸಕ್ಕೆ ಸೇರ್ತಿರೋ ಹಾಸನದ ತಂಗಿಗೆ

ತಂಗಿ, ನಿಮ್ಮ ಮೆಸೇಜ್ ನಿನ್ನೆ ಶಿಫ್ಟ್ ಮುಗಿಸ್ಕೊಂಡು ಬಂದು ಓದಿದೆ. ಮೆಲ್ಬರ್ನ್‌ಗೆ ಬಂದು ವರ್ಷ ಆಗ್ತಾ ಬಂತು, ಓದಿನ ಜೊತೆ ಈ ಕೆಲ್ಸಕ್ಕೆ ಬೇಕಾದ ಸರ್ಟಿಫಿಕೇಟ್ ತ್ರೀ ಕೋರ್ಸೂ ಮುಗೀತು, ಬುಧವಾರ ನರ್ಸಿಂಗ್ ಹೋಮಲ್ಲಿ ಮೊದಲ್ನೇ ‘buddy’ ಶಿಫ್ಟ್, ಅಂದ್ರೆ ಹಳಬರ ಜೊತೆ ಇದ್ದು ಕಲಿಯೋ ಶಿಫ್ಟ್, ಅಂತ ಬರ್ದಿದೀರ. ಕೇಳಿರೋದು ಮೂರು. ಸ್ಟೂಡೆಂಟ್ ವೀಸಾದಲ್ಲಿ ಎಷ್ಟು ಗಂಟೆ ಮಾಡ್ಬೋದು, ಗಂಡಸರಿಗೆ ಸ್ನಾನ ಮಾಡ್ಸೋದು ಹೇಗೆ, ಊರಲ್ಲಿ ಅಪ್ಪ ಅಮ್ಮಂಗೆ ಏನಂತ ಹೇಳೋದು.

ಗಂಟೆ ವಿಷ್ಯ ಸುಲಭ. ಕ್ಲಾಸ್ ನಡೀತಿರೋವಾಗ ಎರಡು ವಾರಕ್ಕೆ 48 ಗಂಟೆ, ರಜದಲ್ಲಿ ಲಿಮಿಟ್ ಇಲ್ಲ. ಮ್ಯಾನೇಜರ್ ಇನ್ನೊಂದೇ ಒಂದು ಶಿಫ್ಟ್ ಮಾಡು ಅಂತ ಎಷ್ಟು ಕೇಳ್ಕೊಂಡ್ರೂ ದಾಟ್ಬೇಡಿ, ವೀಸಾ ಹೋಗೋದು ನಿಮ್ದು. ಸಂಬಳದ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಬಾಡಿಗೆ ಕಟ್ಟಿ ಊರಿಗೂ ಒಂದಿಷ್ಟು ಕಳಿಸ್ಬೋದು.

ನಾನು ಬಂದಿದ್ದು 2009ರ ಜುಲೈ, ಇಲ್ಲಿ ಚಳಿಗಾಲ. ತಿಪಟೂರು ಬಿಟ್ಟು ಬೆಂಗಳೂರು ದಾಟದೇ ಇದ್ದೋಳು. ಮೊದಲ್ನೇ ದಿನ ಏಳು ಗಂಟೆಗೆ ಹ್ಯಾಂಡೋವರ್ (ಹಿಂದಿನ ಶಿಫ್ಟಿನೋರು ವಿಷ್ಯ ಒಪ್ಪಿಸೋದು) ಆಗಿ ಕೈಗೊಂದು ಶವರ್ ಲಿಸ್ಟ್ ಕೊಟ್ರು, ರೂಮ್ ನಂಬರ್, ಪಕ್ಕದಲ್ಲಿ ಒಬ್ರು ಸಾಕೋ ಇಬ್ರು ಬೇಕೋ, ಲಿಫ್ಟರ್ (ಮನುಷ್ಯರನ್ನ ಎತ್ತೋ ಯಂತ್ರ) ಬೇಕೋ ಬೇಡ್ವೋ ಅಷ್ಟೇ, ಹೆಸರಿರ್ಲಿಲ್ಲ. ಹನ್ನೊಂದು ಗಂಟೆಗೆ ಲಿಸ್ಟ್ ಮುಗಿಸಿದ್ದೀನಿ ಅಂತ ನನಗೆ ಎಷ್ಟು ಹೆಮ್ಮೆ ಆಯ್ತು ಅಂದ್ರೆ, ಅವತ್ತು ಯಾರ ಮುಖ ಹೇಗಿತ್ತು ಅಂತ ಕೇಳಿದ್ರೆ ಒಂದೂ ಹೇಳಕ್ಕಾಗ್ತಿರ್ಲಿಲ್ಲ.

ಗಂಡಸರ ಸ್ನಾನದ ಬಗ್ಗೆ ಭಯ ಪಡ್ತಿದೀರ. ನಿಮಗಿಂತ ಅವ್ರಿಗೆ ಹೆಚ್ಚು ಮುಜುಗರ ಇರತ್ತೆ, ಅದನ್ನ ತಲೇಲಿಟ್ಕೊಳ್ಳಿ. ಬಾಗಿಲು ತಟ್ಟಿ, ಉತ್ತರ ಬರೋವರೆಗೂ ನಿಂತ್ಕೊಳ್ಳಿ. ತುಂಬಾ ಜನ ಒಂದು ಕೈಲಿ ತಟ್ತಾ ಇನ್ನೊಂದು ಕೈಲಿ ತಳ್ಕೊಂಡು ಒಳಗೇ ಹೋಗಿರ್ತಾರೆ. ಒಳಗೆ ಹೋದ್ಮೇಲೆ ಬಾಗಿಲು ಹಾಕಿ, ಕರ್ಟನ್ ಎಳೀರಿ, ಏನು ಮಾಡ್ತೀನಿ ಅಂತ ಹೇಳಿ, ಹೂಂ ಅಂದ್ಮೇಲೆ ಮೈ ಮುಟ್ಟಿ. ದೊಡ್ಡ ಟವೆಲ್ ಎರಡು ತಗೊಂಡ್ಹೋಗಿ, ಮೇಲೆ ತೊಳೀವಾಗ ಕೆಳಗೆ ಮುಚ್ಚಿರ್ಲಿ, ಕೆಳಗೆ ತೊಳೀವಾಗ ಹೆಗಲ ಮೇಲೆ ಹೊದ್ಸಿ. ಕೈ ಆಡೋರಾದ್ರೆ ಬಟ್ಟೆಗೆ ಸೋಪ್ ಹಾಕಿ ಅವ್ರ ಕೈಗೇ ಕೊಟ್ಟು, ನೀವು ಸ್ವಲ್ಪ ಆ ಕಡೆ ತಿರುಗಿ. ಹೆಂಗಸು ಬೇಡ ಗಂಡಸ್ರೇ ಬರ್ಲಿ ಅಂದ್ರೆ ಅದು ಅವ್ರ ಹಕ್ಕು, ಬೇಜಾರು ಮಾಡ್ಕೋಬೇಡಿ. ಹಾಗೇ ಯಾರಾದ್ರೂ ಬೇಕು ಅಂತ್ಲೇ ಕೈ ಹಾಕಿದ್ರೆ, ವಯಸ್ಸಾದೋರು ಪಾಪ ಅಂತ ಸಹಿಸ್ಕೋಬೇಡಿ, ಅವ್ರು ಬಿದ್ದೋಗದ ಹಾಗೆ ಕೂರ್ಸಿ ಹೊರಗೆ ಬಂದು ಆರ್‌ಎನ್‌ಗೆ (ರಿಜಿಸ್ಟರ್ಡ್ ನರ್ಸ್‌ಗೆ) ಹೇಳಿ.

ಇಂಗ್ಲಿಷಲ್ಲಿ ನೀನು, ನೀವು ಅನ್ನೋ ಭೇದ ಇಲ್ಲ ನೋಡಿ, ಎಲ್ರಿಗೂ ಯೂ ಒಂದೇ. ಊರಲ್ಲಿ ತೊಂಬತ್ತು ವರ್ಷದ ಪರಿಚಯ ಇಲ್ದೋರಿಗೆ ನಮ್ಮ ಬಾಯಲ್ಲಿ ನೀನು ಅಂತ ಬರಲ್ಲ, ಇಲ್ಲಿ ಮಾತ್ರ ಒಂದು ವಾರದಲ್ಲೇ ಡಾರ್ಲಿಂಗ್, ಗುಡ್ ಗರ್ಲ್ ಅನ್ನೋದು ಅಭ್ಯಾಸ ಆಗ್ಬಿಡತ್ತೆ. ಏನಂತ ಕರೀಲಿ ಅಂತ ಅವ್ರನ್ನೇ ಕೇಳಿ. ಕೆಲವ್ರಿಗೆ ಹೆಸರಿಡ್ದು ಕರೆದ್ರೆ ಖುಷಿ, ಕೆಲವ್ರಿಗೆ ಮಿಸೆಸ್ ಬೇಕು. ತುತ್ತು ಕೊಡ್ಬೇಕಾದೋರನ್ನ ಫೀಡರ್ಸ್ ಅಂತ ಸ್ಟಾಫ್ ಕರೀತಾರೆ, ಆ ಪದ ಬಾಯಿಗೆ ತರ್ಬೇಡಿ. ಊಟ ಕೊಡೋವಾಗ ನಿಂತ್ಕೊಂಡು ಮೇಲಿಂದ ಕೊಡ್ಬೇಡಿ, ಕುರ್ಚಿ ಎಳ್ಕೊಂಡು ಎದುರಿಗೆ ಕೂತ್ಕೊಳ್ಳಿ, ಪ್ಯೂರಿ ಮಾಡಿದ್ದನ್ನ ಎಲ್ಲಾ ಸೇರ್ಸಿ ಕಲಸ್ಬೇಡಿ, ಇದು ಕುಂಬಳಕಾಯಿ ಇದು ಚಿಕನ್ ಅಂತ ಹೇಳಿ ಕೊಡಿ. ಇನ್ನೊಂದು ನಮ್ಮೋರಿಗೇ ಹೇಳೋದು, ಜೊತೆಗೆ ಕನ್ನಡದೋರೋ ಹಿಂದಿಯೋರೋ ಇದ್ರೆ ರೆಸಿಡೆಂಟ್ (ಹೋಮಲ್ಲಿ ಇರೋರು) ತಲೆ ಮೇಲೆ ನಮ್ಮ ಭಾಷೇಲಿ ಹರಟ್ಬೇಡಿ, ಲಿಫ್ಟರ್‌ನ ಬಟ್ಟೆ ಜೋಲೀಲಿ ನೇತಾಡ್ತಿರೋ ಮನುಷ್ಯಂಗೆ ತನ್ನ ಬಗ್ಗೇನೇ ಮಾತಾಡ್ತಿದಾರೆ ಅಂತ ಅನ್ಸತ್ತೆ.

ಈಗ ನೀವು ಕೇಳದೇ ಇರೋದು. ಇದನ್ನ ಹೇಳೋಕೇ ಇಷ್ಟುದ್ದ ಬರೀತಿರೋದು.

ಮಾಲ್ಟಾದಿಂದ ಬಂದಿದ್ದ ತಾತ ಒಬ್ರಿದ್ರು. ಚಿಕ್ಕ ವಯಸ್ಸಲ್ಲಿ ಹಡಗು ಹತ್ತಿ ಬಂದು ಮೆಲ್ಬರ್ನಿನ ಸನ್‌ಶೈನ್ ಕಡೆ ಫ್ಯಾಕ್ಟರೀಲಿ ದುಡ್ದೋರು, ನಮ್ಮ ಹಾಗೇ ಹೊರಗಿನೋರು. ಸ್ಟ್ರೋಕ್ ಆಗಿ ಒಂದು ಕಡೆ ಬಿದ್ದೋಗಿತ್ತು, ಬುದ್ಧಿ ಮಾತ್ರ ಚುರುಕಾಗಿತ್ತು. ಒಂದಿನ ಊಟದ ಹೊತ್ತಲ್ಲಿ ಬೆಲ್ ಒತ್ತಿ ಟಾಯ್ಲೆಟ್‌ಗೆ ಕರ್ಕೊಂಡೋಗು ಅಂದ್ರು. ಅವ್ರನ್ನ ಎತ್ತೋಕೆ ಲಿಫ್ಟರ್ ಬೇಕು, ಇಬ್ರು ಬೇಕು, ಜೊತೆಗಿದ್ದೋಳು ಬ್ರೇಕಲ್ಲಿದ್ಲು, ಇನ್ನೂ ನಾಲ್ಕು ಟ್ರೇ ಬಾಕಿ. ಪ್ಯಾಡ್ (ದೊಡ್ಡೋರ ಡೈಪರ್) ಇದೆ ಅಲ್ವಾ ಅದ್ರಲ್ಲೇ ಮಾಡಿ, ಆಮೇಲೆ ಬಂದು ಚೇಂಜ್ ಮಾಡ್ತೀನಿ ಅಂತ ನಾನಂದೆ. ಅವ್ರು ಮತ್ತೆ ಪ್ಲೀಸ್ ಅಂದ್ರು. ನಾನು ಟ್ರೇ ತಗೊಂಡು ಹೊರಟೋದೆ.

ಮಾರನೇ ದಿನದಿಂದ ಅವ್ರು ಟೀ ಬೇಡ ಅಂದ್ರು, ನೀರೂ ಬೇಡ ಅಂದ್ರು. ನಾನು ಪ್ರೋಗ್ರೆಸ್ ನೋಟ್ಸಲ್ಲಿ (ದಿನದ ವರದೀಲಿ) ಫ್ಲೂಯಿಡ್ಸ್ ರಿಫ್ಯೂಸ್ಡ್, ಅಂದ್ರೆ ಕುಡಿಯೋಕೆ ಏನೂ ಬೇಡ ಅಂದ್ರು ಅಂತ ಬರ್ದೆ. ನನ್ನ ಕೈಯಾರೆ, ಮೂರು ದಿನ. ನಾಲ್ಕನೇ ದಿನ ಫಿಲಿಪೀನ್ಸ್‌ನ ಹಳೇ ಆರ್‌ಎನ್ ಒಬ್ರು ನೋಟ್ಸ್ ಓದಿ ನನ್ನ ಕರ್ದು, ದಿನಕ್ಕೆ ಮೂರು ಕಪ್ ಟೀ ಕುಡಿಯೋ ಮನುಷ್ಯ ಯಾಕೆ ಬೇಡ ಅಂತಾರೆ, ಕೇಳಿದ್ಯಾ ಅಂದ್ರು. ಆಗ ನನಗೆ ಹೊಳೀತು. ಮತ್ತೆ ಟಾಯ್ಲೆಟ್ ಕೇಳೋ ಪರಿಸ್ಥಿತಿ ಬರಬಾರ್ದು ಅಂತ ಆ ಮನುಷ್ಯ ಬಾಯಾರ್ಕೊಂಡು ಕೂತಿದ್ರು. ಅಷ್ಟೊತ್ತಿಗೆ ಯೂರಿನ್ ಇನ್ಫೆಕ್ಷನ್ ಆಗಿ ಆಂಬುಲೆನ್ಸ್ ಕರೀಬೇಕಾಯ್ತು. ವಾಪಸ್ ಬಂದ್ರು, ಕೆಲವು ತಿಂಗ್ಳು ಇದ್ರು. ದಿನಾ ಹೇಳ್ಬೇಕು ಅಂದ್ಕೊಂಡು ಹೋಗ್ತಿದ್ದೆ, ಕರೆದ ತಕ್ಷಣ ಓಡ್ತಿದ್ದೆ, ತಪ್ಪಾಯ್ತು ಅನ್ನೋ ಒಂದು ಮಾತು ಮಾತ್ರ ಬಾಯಿಂದ ಬರ್ಲಿಲ್ಲ. ಅವ್ರು ಹೋದ ರಾತ್ರಿ ನನ್ನ ಶಿಫ್ಟ್ ಇರ್ಲಿಲ್ಲ.

ಆಗ ಜನ ಕಮ್ಮಿ ಇದ್ವಿ, ನಿಜ. ಆಮೇಲೆ ಏಜ್ಡ್ ಕೇರ್ ಬಗ್ಗೆ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, ರಾಯಲ್ ಕಮಿಷನ್, ಕೂತ್ಕೊಂಡು 2019ರ ಮಧ್ಯಂತರ ವರದಿಗೆ ನಿರ್ಲಕ್ಷ್ಯ ಅಂತ್ಲೇ ಹೆಸರಿಟ್ಟಾಗ, ನನಗೆ ಅದ್ರಲ್ಲಿ ನನ್ನ ಹೆಸ್ರೂ ಇದೆ ಅನ್ನಿಸ್ತು. ಈಗ ಕಾನೂನು ಬಿಗಿ ಆಗಿದೆ, 2023ರ ಜುಲೈಯಿಂದ 24 ಗಂಟೇನೂ ಆರ್‌ಎನ್ ಇರ್ಬೇಕು, ಒಬ್ಬ ರೆಸಿಡೆಂಟ್‌ಗೆ ದಿನಕ್ಕೆ ಸರಾಸರಿ 215 ನಿಮಿಷದ ಆರೈಕೆ ಅನ್ನೋ ಲೆಕ್ಕ ಇದೆ, 2025ರ ನವೆಂಬರ್ ಒಂದರಿಂದ ಹೊಸ ಕಾಯ್ದೆ ಬಂದು ಅವ್ರ ಹಕ್ಕುಗಳ ಪಟ್ಟೀನೇ ಅದ್ರಲ್ಲಿ ಸೇರಿದೆ. ಆದ್ರೂ ಊಟದ ಹೊತ್ತಲ್ಲಿ ಬೆಲ್ ಹೊಡ್ಕೊಳ್ಳೋದು ನಿಂತಿಲ್ಲ. ಜನ ಸಾಲ್ದೇ ಇದ್ರೆ ಆರ್‌ಎನ್‌ನ ಕರೀರಿ, ಊಟ ತಣ್ಣಗಾದ್ರೆ ಆಗ್ಲಿ ಬಿಸಿ ಮಾಡ್ಕೊಡ್ಬೋದು, ಲೇಟಾಯ್ತು ಅಂತ ಬೈಸ್ಕೊಳ್ಳಿ, ಪ್ಯಾಡಲ್ಲೇ ಮಾಡಿ ಅನ್ನೋ ಆ ಮಾತನ್ನ ಮಾತ್ರ ಯಾರಿಗೂ ಆಡ್ಬೇಡಿ.

ಮನೇಲಿ ಏನು ಹೇಳ್ಲಿ ಅಂದ್ರಲ್ಲ. ನಾನು ಎರಡು ವರ್ಷ ಆಸ್ಪತ್ರೆ ಕೆಲಸ ಅಂತ ಸುಳ್ಳು ಹೇಳಿದ್ದೆ. ಗೊತ್ತಾದ ದಿನ ಅಮ್ಮ ಫೋನಲ್ಲಿ ಸ್ವಲ್ಪ ಹೊತ್ತು ಸುಮ್ನಿದ್ದು, ನೀರು ಹದ ನೋಡಿ ಹಾಕ್ತೀಯ ತಾನೆ ಅಂದ್ರು. ಅಷ್ಟೇ. ನೀವು ನಿಜಾನೇ ಹೇಳಿ. ಅಪ್ಪ ಅಮ್ಮನ್ನ ಹೋಮಿಗೆ ಹಾಕೋ ದೇಶ ಅಂತ ನೆಂಟ್ರು ಅಂದ್ರೆ ವಾದ ಮಾಡೋಕೆ ಹೋಗ್ಬೇಡಿ. ನಮ್ಮಮ್ಮ ಮಲಗಿದಲ್ಲೇ ಆದಾಗ ನಾನು ಮೂರು ವಾರ ರಜ ಹಾಕ್ಕೊಂಡು ಹೋಗಿದ್ದೆ. ನಡುಮನೇಲೇ ಮಂಚ, ನೋಡೋಕೆ ಬಂದೋರೆಲ್ಲ ಸುತ್ತ ಕೂತಿರೋರು, ಅತ್ತಿಗೆ ಅವ್ರ ಎದುರಿಗೇ ಬಟ್ಟೆ ಬದಲಾಯ್ಸೋರು, ಈಗ ಎಲ್ಲಾ ಹಾಸಿಗೇಲೇ ಅಂತ ಅಮ್ಮಂಗೆ ಕೇಳೋ ಹಾಗೇ ಹೇಳೋರು. ಅಮ್ಮ ಗೋಡೆ ಕಡೆ ಮುಖ ಮಾಡ್ಕೊಂಡಿರೋರು. ಅತ್ತಿಗೇನ ಹೇಗೆ ಅನ್ನೋದು, ಒಬ್ರೇ ಹಗಲೂ ರಾತ್ರಿ ಮಾಡ್ತಿದ್ರು, ನಾನು ಇಲ್ಲಿ ಬೇರೆಯೋರ ಅಮ್ಮಂದಿರನ್ನ ನೋಡ್ಕೊತಿದ್ದೆ. ಅಣ್ಣಂಗೆ ಹೇಳಿ ಎರಡು ಮೊಳೆ ಹೊಡ್ಸಿ, ಹಗ್ಗ ಕಟ್ಟಿ, ಅಮ್ಮನ ಹಳೇ ಸೀರೆ ಇಳಿಬಿಟ್ವಿ. ಸಂಜೆ ಅಮ್ಮ ಈ ಕಡೆ ತಿರುಗಿ ಕಾಫಿ ಕೇಳಿದ್ರು.

ಬುಧವಾರ ಏಳು ಗಂಟೆ ಶಿಫ್ಟ್ ಅಂದ್ರೆ ಒಂದು ಟ್ರೈನ್ ಮುಂಚೇನೇ ಹೊರಡಿ, ಬೆಳಿಗ್ಗೆ ಒಂದು ತಪ್ಪಿದ್ರೆ ಕಾಯ್ಬೇಕು. ಉಗುರು ಕತ್ತರ್ಸಿ, ಬಳೆ ಉಂಗುರ ತೆಗ್ದಿಡಿ. ಹ್ಯಾಂಡೋವರ್ ಶುರು ಆಗೋಕೆ ಮುಂಚೆ ಕೇರ್ ಪ್ಲಾನಲ್ಲಿ (ಯಾರಿಗೆ ಹೇಗೆ ಆರೈಕೆ ಅಂತ ಬರ್ದಿರೋದ್ರಲ್ಲಿ) ಹೆಸರುಗಳನ್ನ ಓದ್ಕೊಂಡು, ಶವರ್ ಲಿಸ್ಟಲ್ಲಿ ಪ್ರತಿ ರೂಮ್ ನಂಬರ್ ಪಕ್ಕ ಪೆನ್ನಲ್ಲಿ ಬರ್ಕೊಳ್ಳಿ. ಮುಗಿದ್ಮೇಲೆ ಒಂದು ಮೆಸೇಜ್ ಹಾಕಿ, ಸಂಜೆ ಮನೇಲೇ ಇರ್ತೀನಿ.