ಸೌತೆಕಾಯಿ ಸ್ಯಾಂಡ್‌ವಿಚ್ ಮೊದಲೇ ಮಾಡಿಡುವುದಾದರೆ

ಸಂಜೆ ನಾಲ್ಕರ ಚಹಾಕ್ಕೆ 12 ಜನ ಬರುತ್ತಾರೆ, ಸೌತೆಕಾಯಿ ಸ್ಯಾಂಡ್‌ವಿಚ್ ಬೆಳಿಗ್ಗೆಯೇ ಮಾಡಿಡಬಹುದೇ ಎಂದು ಕೇಳಿದ್ದೀರಿ. ಬೆಳಿಗ್ಗೆ ಬೇಡ, ಎರಡು ಗಂಟೆ ಮುಂಚೆ ಮಾಡಿ. ಬ್ರೆಡ್ ಒದ್ದೆಯಾಗುವುದು ಸೌತೆಕಾಯಿ ಬಿಡುವ ನೀರಿನಿಂದ. ಆ ನೀರನ್ನು ಮೊದಲೇ ತೆಗೆದುಬಿಡಬೇಕು.

ಸಿಪ್ಪೆ ತೆಗೆದು, ಬೀಜದ ಭಾಗ ಕೆರೆದು, 2 ಮಿ.ಮೀ. ದಪ್ಪಕ್ಕೆ ಹೆಚ್ಚಿ. ಎರಡು ದೊಡ್ಡ ಕಾಯಿಗೆ ಅರ್ಧ ಟೀ ಚಮಚ ಉಪ್ಪು ಸವರಿ 20 ನಿಮಿಷ ಜರಡಿಯಲ್ಲಿಡಿ. ಆಮೇಲೆ ಒಣಬಟ್ಟೆಯಲ್ಲಿ ಒತ್ತಿ ಒರೆಸಿ. ಉಪ್ಪು ಆಗಲೇ ಹಿಡಿದಿರುತ್ತದೆ, ಮತ್ತೆ ಹಾಕಬೇಡಿ.

ಬೆಣ್ಣೆ ಮೆತ್ತಗಿರಲಿ, ಕರಗಿರಬಾರದು. ಗಟ್ಟಿ ಬೆಣ್ಣೆ ಬ್ರೆಡ್ಡನ್ನು ಹರಿಯುತ್ತದೆ, ಕರಗಿದ್ದು ಒಳಕ್ಕೆ ಇಂಗುತ್ತದೆ. ಎರಡೂ ಹೋಳುಗಳಿಗೆ ಅಂಚಿನವರೆಗೆ ಸವರಿ. ತೇವ ತಡೆಯುವುದು ಈ ಜಿಡ್ಡಿನ ಪದರವೇ. ಹಿಂದಿನ ದಿನದ ಬ್ರೆಡ್ ಆದರೆ ಇನ್ನೂ ಒಳ್ಳೆಯದು, ತೀರಾ ತಾಜಾ ಬ್ರೆಡ್ ಚಾಕುವಿಗೆ ಅಮುಕಿಹೋಗುತ್ತದೆ.

ತಲೆಗೆ ನಾಲ್ಕು ತುಂಡು ಸಾಕು. ಒಂದು ಸ್ಯಾಂಡ್‌ವಿಚ್‌ಗೆ ನಾಲ್ಕು ತ್ರಿಕೋನ, ಅಂದರೆ 24 ಹೋಳು ಬ್ರೆಡ್, ಸುಮಾರು 120 ಗ್ರಾಂ ಬೆಣ್ಣೆ. ಸ್ಯಾಂಡ್‌ವಿಚ್ ಜೋಡಿಸಿದ ಮೇಲೆಯೇ ಬ್ರೆಡ್ಡಿನ ಅಂಚನ್ನು ಕತ್ತರಿಸಿ, ಆಗ ಬದಿ ನೀಟಾಗಿ ಬರುತ್ತದೆ. ಗರಗಸದ ಹಲ್ಲಿನ ಚಾಕು ಬಳಸಿ, ಒತ್ತದೆ ಎಳೆದು ಕೊಯ್ಯಿರಿ.

ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಮುಚ್ಚಿ, ಮೇಲೊಂದು ಡಬ್ಬಿಯ ಮುಚ್ಚಳ ಹಾಕಿ ಫ್ರಿಜ್‌ನಲ್ಲಿಡಿ. ತೆರೆದಿಟ್ಟರೆ ಅಂಚು ಒಣಗಿ ಮುರುಟುತ್ತದೆ. ಬಡಿಸುವ ಕಾಲು ಗಂಟೆ ಮೊದಲು ಹೊರತೆಗೆಯಿರಿ. ಜೊತೆಗೆ ಮೊಟ್ಟೆ–ಮಯೋನೀಸ್‌ನದ್ದೂ ಮಾಡುವುದಾದರೆ ಅದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಇಟ್ಟು ಖಾಲಿಯಾದಂತೆ ತುಂಬಿಸಿ.